ಗರಗಸಕ್ಕೆ ಕೊಟ್ಟ ಹುಟ್ಟು

ದೋಣಿಗೆ ಎರಡು ಅಲಗಿನ ಹುಟ್ಟನ್ನು ಆರಿಸಿದವಳು ನಾನೇ. ಈ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಲು ಬರುವುದಿಲ್ಲ.

ಚಳಿಗಾಲದಲ್ಲಿ ಬೋನಾಳ ಕೆರೆಯ ಹಕ್ಕಿ ಎಣಿಸಲು ನಮಗೊಂದು ಹೊಸ ದೋಣಿ ಬಂದಿತ್ತು. ಕೆನೂ ಎನ್ನುತ್ತಾರೆ. ಹದಿನಾರು ಅಡಿ ಉದ್ದ, ಎರಡೂ ತುದಿ ಚೂಪು, ಮುಂದೊಬ್ಬರು ಹಿಂದೊಬ್ಬರು ಕೂರುವಷ್ಟು ಕಿರಿದು. ಹುಟ್ಟು ಯಾವುದು ತರಿಸೋಣ ಎಂದು ನಮ್ಮ ಸಂಸ್ಥೆಯ ಮೇಲಿನವರು ಕೇಳಿದರು. ಒಂದು ಬಗೆಯದಕ್ಕೆ ಒಂದೇ ತುದಿಯಲ್ಲಿ ಅಲಗು, ಇನ್ನೊಂದು ತುದಿಯಲ್ಲಿ ಹಿಡಿ. ಇನ್ನೊಂದು ಬಗೆಯದಕ್ಕೆ ಎರಡು ತುದಿಯಲ್ಲೂ ಅಲಗು, ನಡುವೆ ಹಿಡಿದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಅದ್ದುವುದು. ಮಾದರಿಗೆ ಒಂದೊಂದು ಕಳಿಸಿದ್ದರು. ನಾನು ಕೆರೆಯ ಏರಿಯಿಂದ ಆಚೆ ದಂಡೆಯ ಒಣಮರದ ತನಕ ಎರಡನ್ನೂ ಹಾಕಿ ಗಡಿಯಾರ ಹಿಡಿದು ನೋಡಿದೆ. ಒಂದು ಅಲಗಿನದರಲ್ಲಿ ದೋಣಿಯ ಮೂತಿ ಸೊಟ್ಟ ತಿರುಗುತ್ತಿತ್ತು, ಬದಿ ಬದಲಿಸಿ ಬದಲಿಸಿ ಸಾಕಾಯಿತು. ಎರಡು ಅಲಗಿನದು ಬಾಣ ಬಿಟ್ಟಂತೆ ನೆಟ್ಟಗೆ ಒಯ್ದಿತು. ಅಲ್ಲಿಗೆ ಮುಗಿಯಿತು. "ಎರಡು ಅಲಗಿನದೇ ಇರಲಿ, ಎರಡು ಕಳಿಸಿ" ಎಂದು ಬರೆದು, ಮಾದರಿಗಳನ್ನು ಮರಳಿಸಿ, ನನ್ನ ಹೆಸರಿಗೆ ಸಹಿ ಹಾಕಿ ತಗೊಂಡೆ.

ನಮ್ಮದು ಶಹಾಪುರ ಕಡೆಯ ಕುರಿ ಕಾಯುವ ಮನೆತನ. ನೀರು ಕಂಡರೆ ಕುರಿ ಕುಡಿಸುವುದಷ್ಟೇ ನಮ್ಮವರಿಗೆ ಗೊತ್ತು. ಅಂಥವಳು ನೀರಿನ ಮೇಲೆ ನೆಟ್ಟಗೆ ಹೋದೆನೆಂಬುದೇ ನನ್ನ ತಲೆಗೆ ಏರಿತ್ತು. ಕೆರೆಯ ನೀರು ಬೇರೆ, ಹೊಳೆಯ ನೀರು ಬೇರೆ ಎಂದು ಯಾರಾದರೂ ಹೇಳಿದ್ದರೂ ಕೇಳುತ್ತಿರಲಿಲ್ಲ ಬಿಡಿ.

ಬಿಸಿಲು ಬಲಿತ ಮೇಲೆ ನಿಜವಾದ ಕೆಲಸ ಬಂತು. ದೇವಾಪುರದ ಕೆಳಗಿನ ದಡದಿಂದ ಹೊರಟು ಶಹಾಪುರ ತಾಲ್ಲೂಕಿನ ಸೇತುವೆಯ ತನಕ ಕೃಷ್ಣೆಯಲ್ಲಿ ಸಾಗಿ, ನಡುವೆ ಸಿಗುವ ಹದಿನಾಲ್ಕು ನಡುಗಡ್ಡೆಗಳಲ್ಲಿ ನದಿ ರೀವ ಹಕ್ಕಿಯ ಗೂಡು ಎಣಿಸಬೇಕು. ರೀವ ಎಂದರೆ ಕಪ್ಪು ಟೊಪ್ಪಿಗೆ, ಹಳದಿ ಕೊಕ್ಕು, ಕವಲು ಬಾಲದ ಬಿಳಿ ಹಕ್ಕಿ. ಬೇಸಗೆಯಲ್ಲಿ ಹೊಳೆ ಬತ್ತಿ ಮರಳು ತೇಲಿದಾಗ ಬರಿ ಮರಳಿನ ಮೇಲೆ ತತ್ತಿ ಇಡುತ್ತದೆ. ಆ ವರ್ಷ ಕೆಳಗಿನ ಊರುಗಳಿಗೆ ಕುಡಿಯಲು ನೀರು ಬೇಕಾಗಿ, ಮೇಲಿನ ಅಣೆಕಟ್ಟಿನಿಂದ ಭಾನುವಾರ ನೀರು ಬಿಡುವುದೆಂದು ನಿಶ್ಚಯವಾಗಿತ್ತು. ನೀರು ಬಂದರೆ ಗೂಡು ಮುಳುಗುತ್ತವೆ. ನೀರು ಬಿಡಬೇಡಿ ಎನ್ನಲು ನಮಗೆ ಬಾಯಿಲ್ಲ, ಜನರ ಕೊಡವೂ ಖಾಲಿಯೇ ಇತ್ತು. ಅಣೆಕಟ್ಟಿನ ಇಂಜಿನಿಯರ್ ಒಳ್ಳೆಯ ಮನುಷ್ಯ, ಒಂದೇ ಮಾತು ಹೇಳಿದರು.

"ಯಾವ ನಡುಗಡ್ಡಿ, ಎಷ್ಟು ಗೂಡು, ನೀರಿನಿಂದ ಎಷ್ಟು ಎತ್ತರ, ಪಟ್ಟಿ ಮಾಡಿ ಶನಿವಾರ ಮಧ್ಯಾಹ್ನದೊಳಗ ಕೊಡ್ರಿ. ಒಮ್ಮಿಗೇ ಬಿಡೋ ನೀರು ನಾಕು ದಿನಕ್ಕ ಹಂಚಿ ಬಿಡಾಕ ಬರ್ತದೇನು ನೋಡ್ತೀನಿ. ಪಟ್ಟಿ ಇಲ್ಲಂದ್ರ ನನ್ನ ಕೈಯಾಗ ಏನೂ ಇಲ್ರಿ."

ನಾವು ಹೊರಟಿದ್ದು ಮಂಗಳವಾರ.

ನನ್ನ ಜತೆ ಬಂದವರು ದೇವಾಪುರ ಕಡೆಯ ಹರಿಗೋಲಿನ ಮನುಷ್ಯ. ಐವತ್ತು ದಾಟಿದ ವಯಸ್ಸು, ಮೀನು ಹಿಡಿಯುವ ಮನೆತನ. ನಾನು ಕಾಕಾ ಎನ್ನುತ್ತಿದ್ದೆ, ಅವರು ನನಗೆ ಅಕ್ಕಾರ ಎನ್ನುತ್ತಿದ್ದರು. ಅವತ್ತು ಹೆಗಲ ಮೇಲೆ ತಮ್ಮ ಹರಿಗೋಲಿನ ಹುಟ್ಟು ಇಟ್ಟುಕೊಂಡೇ ದಡಕ್ಕೆ ಬಂದರು. ಕರ್ರಗಾದ ಕಟ್ಟಿಗೆ, ಕೈ ಹಿಡಿಯುವ ಎರಡು ಕಡೆ ಸವೆದು ಸಣ್ಣಗಾಗಿತ್ತು.

"ಅದ್ಯಾಕ ಕಾಕಾ ಸುಮ್ಕ ಭಾರ? ಹೊಸಾವು ಎರಡು ಅದಾವ. ಮನ್ಯಾಗ ಬಿಟ್ಟು ಬರ್ರಿ" ಎಂದೆ.

ಅವರು ನನ್ನ ಹುಟ್ಟನ್ನು ಮೇಲಿಂದ ಕೆಳಗೆ ನೋಡಿದರು, ತಮ್ಮದನ್ನು ನೋಡಿದರು. ಬುತ್ತಿ ತಂದಿದ್ದ ಹೆಂಡತಿಯ ಕೈಗೆ ಅದನ್ನು ಕೊಟ್ಟು ದೋಣಿ ಹತ್ತಿದರು.

ನುರಿತವರು ಹಿಂದೆ ಕೂತು ದಿಕ್ಕು ಹಿಡಿಯಬೇಕು ಎಂದು ನಾನು ಓದಿದ್ದೆ. ಅದಕ್ಕೆ ಕಾಕಾನನ್ನು ಹಿಂದೆ ಕೂರಿಸಿದೆ. ಐದು ನಿಮಿಷದಲ್ಲಿ ದೋಣಿ ಗಾಣದ ಎತ್ತಿನ ಹಾಗೆ ಇದ್ದಲ್ಲೇ ಸುತ್ತತೊಡಗಿತು. ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರು ಕೆಲಸ ಬಿಟ್ಟು ನಗುತ್ತಿದ್ದರು. ಕಾಕಾಗೆ ಮುಖ ಎತ್ತಲಾಗಲಿಲ್ಲ. ನಲವತ್ತು ವರ್ಷ ಹೊಳೆಯಲ್ಲಿ ಕಳೆದವರು!

ತಪ್ಪು ಅವರದಲ್ಲ. ಹರಿಗೋಲು ದುಂಡು ಬುಟ್ಟಿ, ಅದಕ್ಕೆ ಹಿಂದು ಮುಂದು ಇಲ್ಲ. ಅದನ್ನು ನಡೆಸುವವನು ಹೋಗಬೇಕಾದ ಕಡೆಗೆ ಮುಖ ಮಾಡಿ ಅಂಚಿಗೆ ಕೂತು, ಮುಂದಿನ ನೀರನ್ನು ತನ್ನತ್ತ ಎಳೆದುಕೊಳ್ಳುತ್ತಾನೆ. ಅವರ ಕೈಗೆ ಗೊತ್ತಿದ್ದದ್ದು ಎಳೆಯುವುದು, ನಾನು ಮಾಡಿಸಿದ್ದು ತಳ್ಳುವುದು. ಜಾಗ ಬದಲಿಸಿಕೊಂಡೆವು. ಅವರು ಮುಂದೆ, ನಾನು ಹಿಂದೆ. ದೋಣಿ ನೆಟ್ಟಗಾಯಿತು. ಆದರೆ ಎರಡು ಅಲಗಿನ ಹುಟ್ಟು ಮೇಲೆದ್ದಾಗಲೆಲ್ಲ ನಡುವಿನ ಕಾವಿನಗುಂಟ ನೀರು ಇಳಿದು ತೊಡೆ, ಬುತ್ತಿ, ನನ್ನ ಎಣಿಕೆಯ ಪುಸ್ತಕ ಎಲ್ಲವೂ ತೊಯ್ದವು.

"ಅಕ್ಕಾರ, ಇದು ಹುಟ್ಟೋ, ನೀರು ಹೊರೋ ಕಾವಡಿಯೋ?" ಎಂದರು ಕಾಕಾ.

ನಕ್ಕೆ. ಆ ನಗು ಒಂಬತ್ತು ಗಂಟೆಯ ತನಕ ಇತ್ತು.

ಒಂಬತ್ತಕ್ಕೆ ಮೊದಲನೆಯ ನಡುಗಡ್ಡೆ ಕಂಡಿತು. ನಮ್ಮ ಪದ್ಧತಿ ಹೀಗೆ: ನಡುಗಡ್ಡೆ ಹತ್ತುವಂತಿಲ್ಲ. ಐವತ್ತು ಹೆಜ್ಜೆ ದೂರದಲ್ಲಿ ದೋಣಿ ನಿಲ್ಲಿಸಿ, ಕೂತ ಹಕ್ಕಿಗಳನ್ನು ಇಬ್ಬರೂ ಬೇರೆ ಬೇರೆ ಎಣಿಸಿ, ಆಮೇಲೆ ಹೋಲಿಸಬೇಕು. ಎಣಿಕೆ ಕೂಡದಿದ್ದರೆ ಮತ್ತೊಮ್ಮೆ. ಅಳತೆಯ ಗುರುತು ಹಾಕಿದ ಕೋಲನ್ನು ದೋಣಿಯ ಬದಿಗೆ ನಿಲ್ಲಿಸಿ, ನೀರಿನಿಂದ ಗೂಡಿನ ಎತ್ತರ ಅಂದಾಜಿಸಬೇಕು. ಎಲ್ಲ ಸೇರಿ ಹತ್ತು ನಿಮಿಷ ಮೀರಬಾರದು. ನಾವು ಇನ್ನೂ ಇನ್ನೂರು ಹೆಜ್ಜೆ ಆಚೆ ಇರುವಾಗಲೇ ಇಡೀ ನಡುಗಡ್ಡೆ ಮೇಲೆದ್ದಿತು. ನಮ್ಮ ನಾಲ್ಕು ಅಲಗು ತಲೆಯ ಮಟ್ಟಕ್ಕೆ ಏರಿ ಬಿಸಿಲಿಗೆ ಮಿಂಚುತ್ತಿದ್ದವು. ಹಕ್ಕಿಗಳಿಗೆ ಏನು ಕಂಡಿತೋ. ತಲೆಯ ಮೇಲೆ ಚೀರುತ್ತ ಸುತ್ತಿದವು. ಹುಟ್ಟು ಕೆಳಗಿಟ್ಟು ಅಲುಗಾಡದೆ ಕೂತೆವು. ಕೊನೆಯ ಹಕ್ಕಿ ಮರಳಿ ಕೂತಾಗ ಗಡಿಯಾರ ನೋಡಿದೆ. ಹನ್ನೊಂದು ನಿಮಿಷ. ಹತ್ತೊಂಬತ್ತು ಗೂಡು ಎಂದು ಬರೆದುಕೊಂಡೆ.

ಕಾಕಾ ಹಿಂದೆ ತಿರುಗದೆಯೇ ಹೇಳಿದರು: "ಕಾವು ಕೊಡಾಕ ಕುಂತಾವ ಅಂತ ತಿಳಿದೀರೇನ್ರಿ? ಈ ಬಿಸಲಾಗ ಕಾವು ಯಾರಿಗಿ ಬೇಕು? ನೆರಳಾಗಿ ಕುಂತಾವ. ಹೊಟ್ಟಿ ತೊಯ್ಸಿಕೊಂಡು ಬಂದು ತತ್ತಿ ತಂಪ ಮಾಡ್ತಾವ. ಎದ್ದು ಹೋದ್ವಂದ್ರ ತತ್ತಿ ಬೇಯ್ತಾವ."

ನನಗೆ ಗೊತ್ತಿರದ ಸಂಗತಿಯೇನಲ್ಲ. ಪುಸ್ತಕದಲ್ಲಿ ಓದಿ, ತರಬೇತಿಯಲ್ಲಿ ಬೇರೆಯವರಿಗೆ ಹೇಳಿಯೂ ಇದ್ದೆ. ಮುಂದೆ ಹಕ್ಕಿಯಿಲ್ಲದ ಒಂದು ಮರಳ ದಿಬ್ಬ ಸಿಕ್ಕಿತು. ದೋಣಿ ತಾಗಿಸಿ ಮರಳಿನ ಮೇಲೆ ಅಂಗೈ ಊರಿದೆ. ಹತ್ತು ಎಣಿಸುವ ತನಕವೂ ಇಡಲಾಗಲಿಲ್ಲ. ಎಣಿಸದಿದ್ದರೆ ನೀರು ಕೊಲ್ಲುತ್ತದೆ, ಎಣಿಸಲು ಹೋದರೆ ನಾವು ಕೊಲ್ಲುತ್ತೇವೆ. ಅವತ್ತು ಇನ್ನೊಂದೇ ನಡುಗಡ್ಡೆ ಮಾಡಿದೆವು, ಅದೂ ಇಳಿಬಿಸಿಲಿನಲ್ಲಿ.

ಬುಧವಾರ ನನಗೆ ತಿಳಿದ ಉಪಾಯವನ್ನೆಲ್ಲ ಹೂಡಿದೆ. ದೂರದಿಂದ ದುರ್ಬೀನು ಹಾಕಿದರೆ ಕಲ್ಲಿನ ಹಿಂದಿನ ಗೂಡು ಕಾಣದು, ಎತ್ತರವೂ ಸಿಗದು. ನಸುಕಿನ ತಂಪಿನಲ್ಲೇ ಮುಗಿಸೋಣವೆಂದರೆ ದಿನಕ್ಕೆ ಎರಡರ ಮೇಲೆ ಆಗದು. ಉಳಿದದ್ದು ಹನ್ನೆರಡು. ಹುಟ್ಟನ್ನು ತಗ್ಗಿಸಿ ಹಾಕಿ ನೋಡಿದೆ. ಎಷ್ಟು ತಗ್ಗಿಸಿದರೂ ಒಂದು ಅಲಗು ಮುಳುಗಿದಾಗ ಇನ್ನೊಂದು ಏಳಲೇಬೇಕು. ಹುಟ್ಟು ಎತ್ತಿಟ್ಟು ಹರಿವಿಗೆ ಬಿಟ್ಟರೆ ದೋಣಿ ಅಡ್ಡ ತಿರುಗಿ ನಡುಗಡ್ಡೆಗೇ ಹೋಗುತ್ತಿತ್ತು. ಇಳಿದು ತಳ್ಳೋಣವೆಂದರೆ ಮೊಸಳೆಯ ಹೊಳೆ. ಮಧ್ಯಾಹ್ನಕ್ಕೆ ಎರಡು ನಡುಗಡ್ಡೆ ಮಾಡಿ, ಮೂರನೆಯದನ್ನು ಹಕ್ಕಿ ಕದಲಿದ್ದು ಕಂಡು ಅರ್ಧಕ್ಕೇ ಬಿಟ್ಟೆವು. ಅದರ ಮೇಲೆ, ಊಟಕ್ಕೆ ನಿಲ್ಲಿಸಿದಾಗ ನಾನು ದೋಣಿ ಕಟ್ಟಲು ನನ್ನ ಹುಟ್ಟನ್ನೇ ಗೂಟದಂತೆ ಮರಳಿಗೆ ಚುಚ್ಚಿದೆ. ಅದು ನಡುವೆ ಬಿಚ್ಚಿ ಎರಡು ತುಂಡಾಗುವ ಹುಟ್ಟು. ಸಣ್ಣ ಮರಳು ಕೀಲಿನೊಳಗೆ ಹೊಕ್ಕು ಕಚ್ಚಿಕೊಂಡಿತು. ಎಣ್ಣೆ ಬಿಟ್ಟೆವು, ಇಬ್ಬರೂ ಎರಡು ಕಡೆ ಹಿಡಿದು ಜಗ್ಗಿದೆವು, ಜಪ್ಪಯ್ಯ ಅನ್ನಲಿಲ್ಲ.

ಸಂಜೆ ಹೊಳೆದಂಡೆಯ ಒಂದು ಹಳ್ಳಿ ಸೇರಿದೆವು. ಅಲ್ಲಿ ನಾಲ್ಕು ಹರಿಗೋಲು ಬೋರಲು ಹಾಕಿದ್ದರು. ಅವನ್ನು ನೋಡುತ್ತ ಬಾಯಿ ಬಿಟ್ಟೆ. "ಕಾಕಾ, ಇಲ್ಲಿ ಯಾರದರ ಹುಟ್ಟ ಎರಡು ದಿನಕ್ಕ ಕೇಳೋಣೇನು?"

"ಕೇಳಬ್ಯಾಡ್ರಿ" ಎಂದರು. ನಾನು ಕೇಳಿದೆ. ಹರಿಗೋಲಿನ ಯಜಮಾನ ಚಹಾ ತರಿಸಿದ, ನುಲಿಯ ಮಂಚ ಹಾಕಿ ಕೂರಿಸಿದ, ಆಮೇಲೆ ಕೈ ಮುಗಿದ. "ಹರಗೋಲ ಬೇಕಾದ್ರ ಈಗೇ ಒಯ್ರಿ ಅಕ್ಕಾರ. ಹುಟ್ಟ ಮಾತ್ರ ಕೇಳಬ್ಯಾಡ್ರಿ."

ಹುಟ್ಟಿಲ್ಲದ ಹರಿಗೋಲು ಒಯ್ದು ನಾನು ರೊಟ್ಟಿ ಬಡಿಯಲೇ? ಹೊರಗೆ ಬಂದ ಮೇಲೆ ಕಾಕಾ ಬಿಡಿಸಿ ಹೇಳಿದರು. ಹುಟ್ಟು ಅವರವರ ಕೈಗೆ ಸವೆದಿರುತ್ತದೆ. ಗಂಡ ಹೆಂಡತಿಗೆ ಕೊಡಬಹುದು, ಅಪ್ಪ ಮಕ್ಕಳಿಗೆ ಕೊಡಬಹುದು. ಮನೆಯ ಹೊರಗೆ ಕೊಟ್ಟರೆ ಹೊಳೆಯ ದುಡಿಮೆ ಬಿಟ್ಟೆ ಎಂದ ಹಾಗೆ. ಮಂಗಳವಾರ ಬೆಳಿಗ್ಗೆ ನಾನು ಎಂಥ ಮಾತು ಆಡಿದ್ದೆ ಎಂಬುದು ಆಗ ಹೊಳೆಯಿತು.

"ನಿಮ್ಮದನ್ನ ತರಿಸೋಣು ಕಾಕಾ. ಯಾರದರ ಗಾಡಿ ಮ್ಯಾಗ ತರ್ತಾರ."

"ನನ್ನ ಹೆಣ್ತಿ ಅದನ್ನ ತಗೊಂಡು ಮೀನಿಗಿ ಹೋಗ್ಯಾಳ. ಆಕಿ ಕೈಯಾಗಿಂದು ಹ್ಯಾಂಗ ಕಸಗೊಳ್ಳೂದು?"

ಅವರಿಗೆ ಸಿಟ್ಟಿರಲಿಲ್ಲ. ಅದು ಇನ್ನೂ ಕಷ್ಟವಾಯಿತು. ಅವರು ತಮ್ಮ ಪಾಲಿನ ಹೊಸ ಹುಟ್ಟನ್ನು, ಕೀಲು ಬಿಚ್ಚುವಂಥದ್ದು, ಎರಡು ತುಂಡು ಮಾಡಿ ಒಂದನ್ನು ಎದುರಿಗೆ ಹಿಡಿದು ನೋಡಿದರು. ಎದೆಯ ಕೆಳಗೇ ಉಳಿಯಿತು. "ಗಿಡ್ಡ ಆತು. ನಿಂತಾಗ ಗದ್ದಕ್ಕ ಬರಬೇಕು. ಮ್ಯಾಲ ಅಂಗೈ ಊರಾಕ ಅಡ್ಡ ಹಿಡಿ ಬೇಕು." ಆಮೇಲೆ ಕಚ್ಚಿಕೊಂಡ ನನ್ನ ಹುಟ್ಟನ್ನು ನಿಲ್ಲಿಸಿ ಗದ್ದದ ಹತ್ತಿರ ಬೆರಳಿಟ್ಟರು. ಬೆರಳಿಟ್ಟದ್ದು ಕೀಲಿನಿಂದ ಒಂದು ಗೇಣು ಮೇಲೆ. ಅಲ್ಲಿ ಬಿಚ್ಚಲು ಬರುವುದಿಲ್ಲ. ಕೊಯ್ಯಬೇಕು.

ಇಬ್ಬರೂ ಆ ಬೆರಳನ್ನೇ ನೋಡುತ್ತ ನಿಂತೆವು. ಸಹಿ ಹಾಕಿ ತಂದ ಮಾಲು, ಹೊಸದು, ಈ ಸೀಮೆಯಲ್ಲಿ ಇನ್ನೊಂದು ಸಿಗದು. ಮೇಲಿನವರಿಗೆ ಫೋನು ಮಾಡಿ ಕೇಳಬಹುದಿತ್ತು. ಕೇಳಿದ್ದರೆ ನಾಳೆ ಹೇಳುತ್ತೇವೆ ಎನ್ನುತ್ತಿದ್ದರು, ನನ್ನ ಹತ್ತಿರ ಇದ್ದದ್ದು ಎರಡೂವರೆ ದಿನ. ಅದಕ್ಕಿಂತ ದೊಡ್ಡ ಅಡ್ಡಿ ನನ್ನೊಳಗೇ ಇತ್ತು. ಅದನ್ನು ಕೊಯ್ದರೆ ನನ್ನ ಆಯ್ಕೆ ತಪ್ಪೆಂದು ಗರಗಸವೇ ಸಾರಿದಂತೆ. ಆದರೆ ಅಂಗೈಗೆ ಮರಳಿನ ಬಿಸಿ ಇನ್ನೂ ನೆನಪಿತ್ತು.

"ನಡೀರಿ, ಬಡಿಗೇರನ ಮನಿ ಯಾವದು?" ಎಂದೆ.

ಬಡಿಗೇರ ಅಲ್ಯೂಮಿನಿಯಂ ಕಾವನ್ನು ತಟ್ಟಿ ನೋಡಿ ಹಿಂಜರಿದ. "ಸರಕಾರಿ ಮಾಲ ಇದ್ದಂಗ ಅದ. ನಾಳೆ ಯಾರರ ಬಂದು ಕೇಳಿದ್ರ?"

"ನನ್ನ ಹೆಸರಿನ ಮಾಲ ಅದ. ಕೊಯ್ರಿ."

ಕಬ್ಬಿಣ ಕೊಯ್ಯುವ ಗರಗಸ ಆಡಿತು. ಕೊಯ್ದ ಅಲಗಿನ ಕಡೆ ನೆಲಕ್ಕೆ ಬಿದ್ದಾಗ ಯಾಕೋ ಹಗುರವೆನಿಸಿತು. ಟೊಳ್ಳು ಕಾವಿಗೆ ನೀರು ಹೋಗದಂತೆ ಬಡಿಗೇರ ಜಾಲಿಕಟ್ಟಿಗೆಯ ಬೆಣೆ ಬಡಿದ, ಅದರ ಮೇಲೆ ಅಡ್ಡಹಿಡಿ ಕೂರಿಸಿ ಮೊಳೆ ಹೊಡೆದು ದಾರ ಸುತ್ತಿದ. ಕಾಕಾ ಹಿಡಿಯನ್ನು ಒಡೆದ ಗಾಜಿನ ಚೂರಿನಿಂದ ತಾವೇ ಹೆರೆದರು. ಎರಡು ದಿನದಲ್ಲಿ ಮೊದಲ ಸಲ ಅವರು ಶಿಳ್ಳೆ ಹಾಕಿದ್ದು ಕೇಳಿದೆ.

ಗುರುವಾರ ನಸುಕಿನಲ್ಲಿ, ಅರ್ಧಕ್ಕೆ ಬಿಟ್ಟ ನಡುಗಡ್ಡೆಗೆ ಮರಳಿ ಹೋದೆವು. ನಾನು ಹಿಂದೆ ಹುಟ್ಟು ಎತ್ತಿಟ್ಟು ಸುಮ್ಮನೆ ಕೂತೆ. ಕಾಕಾ ಮುಂದೆ ಮೊಣಕಾಲೂರಿ, ಕೊಯ್ದ ಹುಟ್ಟನ್ನು ನೇರ ನೀರಿಗೆ ಇಳಿಸಿದರು. ಆಮೇಲೆ ಅದು ಹೊರಗೆ ಬರಲೇ ಇಲ್ಲ. ಅಲಗನ್ನು ನೀರೊಳಗೇ ಮುಂದೆ ಚಾಚಿ, ತಮ್ಮತ್ತ ಎಳೆದು, ಅಂಚು ತಿರುವಿ ಮತ್ತೆ ಚಾಚುತ್ತಿದ್ದರು. ಹನಿ ಬೀಳಲಿಲ್ಲ, ಮಿಂಚಲಿಲ್ಲ. ದೋಣಿಯ ಮೂತಿಯನ್ನು ಕಿವಿ ಹಿಡಿದು ಕುರಿಮರಿ ನಡೆಸಿದಂತೆ ನಡೆಸಿದರು. ನೂರು ಹೆಜ್ಜೆ, ಎಂಬತ್ತು, ಐವತ್ತು. ಒಂದು ಹಕ್ಕಿ ಕತ್ತು ತಿರುಗಿಸಿ ನಮ್ಮನ್ನು ನೋಡಿತು, ಕೂತೇ ಇತ್ತು. ನನಗೆ ಅಳು ಬಂತು. ಅಳುತ್ತಲೇ ಎಣಿಸಿದೆ. ನಾನು ನಮ್ಮಪ್ಪ ಕುರಿ ಎಣಿಸುವಂತೆ ಜೋಡಿ ಜೋಡಿಯಾಗಿ, ಕಾಕಾ ಬೆರಳ ಗೆಣ್ಣಿನಲ್ಲಿ. ಇಬ್ಬರದೂ ಹದಿನಾಲ್ಕು ಬಂತು.

ಹಾಗೆಂದು ಎರಡು ಅಲಗಿನದು ದಂಡವಾಗಲಿಲ್ಲ. ಅದೇ ಬೆಳಿಗ್ಗೆ ಹೊಳೆ ಬಾಗಿದಲ್ಲಿ ಎದುರುಗಾಳಿ ಎದ್ದಿತು. ಕಾಕಾ ಎಳೆದೇ ಎಳೆದರು, ದಡದ ಜಾಲಿಗಿಡ ನಮ್ಮ ಬದಿಗೇ ನಿಂತಿತ್ತು. ಅವರ ರಟ್ಟೆ ನಡುಗುವುದು ಹಿಂದಿನಿಂದ ಕಾಣುತ್ತಿತ್ತು. ಉಳಿದಿದ್ದ ಎರಡು ಅಲಗಿನ ಹುಟ್ಟನ್ನು ತಗೊಂಡು ನಾನು ಹಾಕತೊಡಗಿದೆ. ಅರ್ಧ ಗಂಟೆಯಲ್ಲಿ ಬಾಗು ದಾಟಿದೆವು.

"ಕಾವಡಿ ಛಲೋ ಅದ ಬಿಡ್ರಿ" ಎಂದರು ಕಾಕಾ, ಏದುಸಿರು ಬಿಡುತ್ತ.

ಆಮೇಲೆ ಅದೇ ನಮ್ಮ ಪದ್ಧತಿಯಾಯಿತು. ಬಯಲು ನೀರಿನಲ್ಲಿ ನನ್ನ ಹುಟ್ಟು, ನಡುಗಡ್ಡೆಗೆ ಮುನ್ನೂರು ಹೆಜ್ಜೆ ಇರುವಾಗ ಅದು ದೋಣಿಯೊಳಗೆ ಮಲಗಬೇಕು, ಅಲ್ಲಿಂದ ಕಾಕಾನ ಹುಟ್ಟು. ಒಮ್ಮೆ ನಾನು ಹುರುಪಿನಲ್ಲಿ ಮರೆತೆ. ಅವರು ಹಿಂದೆ ತಿರುಗದೆ ಒಂದು ಕೈ ಎತ್ತಿದರು, ಅಷ್ಟೇ. ಗುರುವಾರ, ಅರ್ಧಕ್ಕೆ ಬಿಟ್ಟದ್ದೂ ಸೇರಿ, ನಾಲ್ಕು ಮಾಡಿದೆವು, ಶುಕ್ರವಾರ ಐದು. ಹನ್ನೊಂದರಿಂದ ನಾಲ್ಕರ ತನಕ ದಡದ ನೆರಳಲ್ಲಿ ಬಿದ್ದುಕೊಳ್ಳುತ್ತಿದ್ದೆವು. ಅಂಗೈಯ ಗುಳ್ಳೆ ಒಡೆದು ಬಟ್ಟೆ ಸುತ್ತಿಕೊಂಡೆ. ಶನಿವಾರ ಬೆಳಿಗ್ಗೆ ಕೊನೆಯದನ್ನು ಮುಗಿಸಿ ಸೇತುವೆಯ ಕೆಳಗೆ ದೋಣಿ ತಾಗಿಸಿದಾಗ ಹನ್ನೊಂದು ಗಂಟೆ. ಪುಸ್ತಕದ ಹಾಳೆಗಳ ಫೋಟೊ ತೆಗೆದು ಅಲ್ಲಿಂದಲೇ ಇಂಜಿನಿಯರಿಗೆ ಕಳಿಸಿದೆ. "ಬಂತ್ರಿ" ಎಂದು ಉತ್ತರ ಬಂತು. ನೀರನ್ನು ನಾಲ್ಕು ದಿನಕ್ಕೆ ಹಂಚಿ ಬಿಟ್ಟರು.

ಕೊಯ್ದ ಹುಟ್ಟಿನ ಬಗ್ಗೆ ಮೇಲಿನವರು ವಿವರಣೆ ಕೇಳಿದರು. ಎರಡು ಪುಟ ಬರೆದುಕೊಟ್ಟೆ. "ಮುಂದಿನ ಸಲ ಕೇಳಿ ಕೊಯ್ಯಿರಿ" ಎಂದು ಷರಾ ಬರೆದು ಫೈಲು ಮುಚ್ಚಿದರು.

ಮೂರು ವಾರ ಬಿಟ್ಟು, ಮರಿಗಳಾದವೇ ಎಂದು ನೋಡಲು ಮತ್ತೆ ಅದೇ ದೋಣಿಯಲ್ಲಿ ಅದೇ ದಾರಿ ಹಿಡಿದೆವು. ಉಳಿದ ನಡುಗಡ್ಡೆಗಳ ಮಾತು ಮೊದಲು ಹೇಳಿಬಿಡುತ್ತೇನೆ. ಒಂದರಲ್ಲಿ ಎರಡು ಗೂಡು ನೀರಿಗೆ ಹೋಗಿದ್ದವು. ಇನ್ನೊಂದರಲ್ಲಿ ನಾಯಿಯ ಹೆಜ್ಜೆಗಳಿದ್ದವು. ಮಿಕ್ಕ ಕಡೆಯೆಲ್ಲ ಮರಳಿನ ಬಣ್ಣದ ಮರಿಗಳು, ನೋಡುತ್ತಿದ್ದ ಹಾಗೇ ಮರಳಾಗಿಬಿಡುತ್ತಿದ್ದವು.

ಮೊದಲನೆಯ ನಡುಗಡ್ಡೆಯಲ್ಲಿ ಹದಿನೈದು ಗೂಡಿನವು ಮರಿ ಮಾಡಿದ್ದವು. ನಾಲ್ಕು ಹಕ್ಕಿ ಇನ್ನೂ ಕೂತಿದ್ದವು. ಅಷ್ಟು ಹೊತ್ತಿಗೆ ತತ್ತಿ ಒಡೆಯಲೇಬೇಕಿತ್ತು. ದುರ್ಬೀನಿನಲ್ಲಿ ನೋಡುತ್ತಲೇ ಇದ್ದೆ. ಒಂದು ಹಾರಿಹೋಗಿ ಹೊಟ್ಟೆ ತೊಯ್ಸಿಕೊಂಡು ಬಂತು, ತತ್ತಿಯನ್ನು ಕೊಕ್ಕಿನಿಂದ ಹೊರಳಿಸಿ ಮತ್ತೆ ಕೂತಿತು. ಮಂಗಳವಾರದ ಆ ಹನ್ನೊಂದು ನಿಮಿಷದ ಬಿಸಿಲೇ ಕಾರಣ ಎಂದು ಆಣೆ ಮಾಡಿ ಹೇಳಲಾರೆ. ಆದರೆ ನಾಲ್ಕೂ ಗೂಡು ಕಲ್ಲಿನ ನೆರಳಿಲ್ಲದ ಬದಿಯಲ್ಲಿದ್ದವು, ಹೀಗೆ ಒಡೆಯದ ತತ್ತಿ ಬೇರೆ ಯಾವ ನಡುಗಡ್ಡೆಯಲ್ಲೂ ನಮಗೆ ಸಿಗಲಿಲ್ಲ.

ನಮ್ಮ ನಮೂನೆಯಲ್ಲಿ ಗೂಡು ಹಾಳಾದದ್ದಕ್ಕೆ ಕಾರಣ ಬರೆಯುವ ಮನೆಯಿದೆ. ನೀರು, ನಾಯಿ, ಜನ, ಗೊತ್ತಿಲ್ಲ ಎಂದು ನಾಲ್ಕು ಅಚ್ಚಾಗಿರುತ್ತವೆ. 'ಗೊತ್ತಿಲ್ಲ' ಎಂಬಲ್ಲಿ ಗುರುತು ಹಾಕಿದರೆ ಯಾರೂ ಕೇಳುವುದಿಲ್ಲ. ನಾನು 'ಜನ' ಎಂಬಲ್ಲಿ ಗುರುತು ಹಾಕಿ ಮುಂದೆ ವಿವರ ಬರೆದೆ.

"ಏನ್ ಬರದ್ರಿ?" ಎಂದು ಕೇಳಿದರು ಕಾಕಾ, ನೀರೊಳಗಿನ ಹುಟ್ಟು ಎತ್ತದೆ.

"ಎಣಿಸಾಕ ಬಂದಾಕಿ ಹಾಳ ಮಾಡ್ಯಾಳ ಅಂತ ಬರದೀನಿ ಕಾಕಾ."

ಅವರು ದೋಣಿಯನ್ನು ಮೆಲ್ಲಗೆ ಹಿಂದಕ್ಕೆ ಸರಿಸುತ್ತ, ಹಕ್ಕಿಗಳ ಮೇಲಿಂದ ಕಣ್ಣು ತೆಗೆಯದೆ ಹೇಳಿದರು:

"ಇಬ್ರು ಅಂತ ಬರೀರಿ. ಮುಂದ ನಾನೇ ಕುಂತಿದ್ನಲ್ರಿ."